ಹಸಿ ಕಾಡಿಗೆ ಎಂಥ ಬೂಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗಾಗಿ ಆಯ್ದ ಮೂರು ಪತ್ರಗಳೂ ಮಳೆ ಮತ್ತು ಕೆಸರಿನಲ್ಲಿ ನಡೆಯುವವರ ಪಾದರಕ್ಷೆಯನ್ನು ಕುರಿತವು. ಮೊದಲನೆಯದು ದೂರದ ದೇಶದ ಸಂಗತಿಯಾದರೂ ಅದರ ಉತ್ತರ ಉಳಿದ ಎರಡಕ್ಕೂ ಬೇಕಾಗುವುದರಿಂದ ಅದನ್ನೇ ವಿಸ್ತಾರವಾಗಿ ತೆಗೆದುಕೊಳ್ಳಲಾಗಿದೆ.

ಪ್ರಶ್ನೆ: ನಮ್ಮ ಅಳಿಯಂದಿರು ಅಮೆರಿಕದ ಆರೆಗನ್ ರಾಜ್ಯದ ಕರಾವಳಿಯಲ್ಲಿರುವ ಕೂಸ್ ಬೇ ಎಂಬ ಊರಿನಲ್ಲಿದ್ದಾರೆ. ಅಲ್ಲಿಯ ಗೆಳೆಯರೊಂದಿಗೆ ಪರವಾನಗಿ ಪಡೆದು ಈ ವರ್ಷ ಮೊದಲ ಬಾರಿಗೆ ಜಿಂಕೆ ಬೇಟೆಗೆ ಹೋಗುವವರಿದ್ದಾರೆ. ಹೋಗುವುದು ಋತುವಿನ ಕೊನೆಯಲ್ಲಂತೆ, ಆಗ ಅಲ್ಲಿ ಬಿಡದ ಮಳೆಯಂತೆ. ಅಕ್ಟೋಬರ್‌ನಲ್ಲಿ ನಾನು ಮಗಳ ಮನೆಗೆ ಹೊರಟಿದ್ದೇನೆ. ಹೋಗುವಾಗ ಅಳಿಯಂದಿರಿಗೊಂದು ಗಟ್ಟಿ ಬೂಟು ಒಯ್ಯಬೇಕೆಂದು ಹುಬ್ಬಳ್ಳಿಯ ಅಂಗಡಿಗಳಲ್ಲಿ ವಿಚಾರಿಸಿದಾಗ ಗಂಬೂಟು, ಸೇಫ್ಟಿ ಶೂ ಮತ್ತು ಪೊಲೀಸರು ಹಾಕುವಂಥ ಚರ್ಮದ ಬೂಟು, ಈ ಮೂರನ್ನು ತೋರಿಸಿದರು. ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ಉತ್ತರಕ್ಕೆ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಜಿಂಕೆ, ಕಡವೆ, ಕೃಷ್ಣಮೃಗಗಳ ಬೇಟೆ ಶಿಕ್ಷಾರ್ಹ ಅಪರಾಧ. ಆರೆಗನ್‌ನಲ್ಲಿ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯೇ ಪರವಾನಗಿ ಕೊಟ್ಟು, ಪ್ರತಿವರ್ಷ ದಿನಾಂಕಗಳನ್ನು ನಿಗದಿಪಡಿಸಿ ಬೇಟೆಗೆ ಅವಕಾಶ ಮಾಡಿಕೊಡುತ್ತದೆ. ತಮ್ಮ ಅಳಿಯಂದಿರದು ಅಲ್ಲಿಯ ಕಾನೂನಿನೊಳಗಿನ ಕೆಲಸವಾದ್ದರಿಂದ ಇಲ್ಲಿ ಉತ್ತರಿಸಲಾಗಿದೆ.

ಅಂಗಡಿಯವರು ತೋರಿಸಿದ ಮೂರರಲ್ಲಿ ಒಂದೂ ಆ ಕಾಡಿಗೆ ಹೊಂದುವುದಿಲ್ಲ. ಕಾರಣ ತಿಳಿಯಬೇಕಾದರೆ ಮೊದಲು ಆ ಕಾಡನ್ನು ತಿಳಿಯಬೇಕು. ಪೆಸಿಫಿಕ್ ಸಾಗರದ ಅಂಚಿಗೆ ಚಾಚಿಕೊಂಡಿರುವ ಅಲ್ಲಿಯ ಕರಾವಳಿ ಬೆಟ್ಟಸಾಲಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸ್ಥಳಗಳು ಹಲವಾರು. ಅಂಕಿಯನ್ನಷ್ಟೇ ನೋಡಿದರೆ ಇದು ನಮ್ಮ ಕಾರವಾರ, ಹೊನ್ನಾವರಗಳಿಗಿಂತ ಹೆಚ್ಚಲ್ಲ. ಆದರೆ ನಮ್ಮ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬೆಚ್ಚನೆಯ ಮಳೆ. ಅಲ್ಲಿಯದು ಅಕ್ಟೋಬರ್‌ನಲ್ಲಿ ಹಿಡಿದು ಚಳಿಗಾಲವಿಡೀ ಸುರಿಯುವ ತಣ್ಣನೆಯ ಮಳೆ. ನವೆಂಬರ್, ಡಿಸೆಂಬರ್‌ನಲ್ಲಿ ಹಗಲಿನಲ್ಲೂ ಉಷ್ಣಾಂಶ ಬಹುಮಟ್ಟಿಗೆ 5ರಿಂದ 12 ಡಿಗ್ರಿಯ ನಡುವೆ ಇರುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲದ್ದರಿಂದ ಎಲ್ಲವೂ ಹಸಿಯಾಗಿಯೇ ಉಳಿಯುತ್ತದೆ, ಬಿಸಿಲಿಲ್ಲದ್ದರಿಂದ ಯಾವುದೂ ಆರುವುದಿಲ್ಲ.

ಅಲ್ಲಿ ಬೇಟೆಯಾಡುವುದು ಕಪ್ಪು ಬಾಲದ ಜಿಂಕೆಯನ್ನು. ಮ್ಯೂಲ್ ಡಿಯರ್ ಎಂಬ ದೊಡ್ಡ ಜಾತಿಯ ಕರಾವಳಿ ಉಪಜಾತಿ ಇದು. ಬಯಲಿಗೆ ಬರಲು ಹಿಂಜರಿಯುವ, ದಟ್ಟ ಪೊದೆಗಳಲ್ಲೇ ದಿನ ಕಳೆಯುವ ಪ್ರಾಣಿ. ನವೆಂಬರ್ ಅವುಗಳ ಕೂಡುವ ಕಾಲವಾದ್ದರಿಂದ ಗಂಡು ಜಿಂಕೆಗಳು ಹಗಲಿನಲ್ಲೂ ಓಡಾಡುತ್ತವೆ, ಅದಕ್ಕಾಗಿಯೇ ಅನುಭವಿಗಳು ಮಳೆಯನ್ನು ಲೆಕ್ಕಿಸದೆ ಋತುವಿನ ಕೊನೆಗಾಗಿ ಕಾಯುತ್ತಾರೆ. ಬೇಟೆಯ ಕ್ರಮ ಎರಡು ಬಗೆಯದು. ಒಂದು, ನಾಲ್ಕು ಹೆಜ್ಜೆ ಇಟ್ಟು ನಿಂತು, ಸುತ್ತ ನೋಡಿ, ಮತ್ತೆ ನಾಲ್ಕು ಹೆಜ್ಜೆ ಇಡುತ್ತ ಪೊದೆಗಳ ನಡುವೆ ಮೆಲ್ಲನೆ ಸಾಗುವುದು. ಇನ್ನೊಂದು, ಮರ ಕಡಿದು ಸಸಿ ನೆಟ್ಟ ಇಳಿಜಾರಿನ ಅಂಚಿನಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುವುದು. ಬೂಟಿನ ಆಯ್ಕೆ ಬಹುಪಾಲು ಈ ಎರಡರಲ್ಲಿ ಯಾವುದನ್ನು ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಬೂಟು ಮಾರುವವರೆಲ್ಲ ನೀರು ಒಳಗೆ ಬಾರದ ಅಟ್ಟೆ, ನೀರು ಒಳಗೆ ಬಾರದ ಹೊಲಿಗೆ ಎಂದು ಹೇಳುತ್ತಾರೆ. ಆದರೆ ಅಂಥ ಕಾಡಿನಲ್ಲಿ ನೀರು ಬರುವುದು ಹೆಚ್ಚಾಗಿ ಮೇಲಿನಿಂದ. ಸೊಂಟದೆತ್ತರದ ಜರೀಗಿಡ ಮತ್ತು ಸಲಾಲ್ ಪೊದೆಗಳನ್ನು ಸರಿಸಿಕೊಂಡು ನಡೆಯುವಾಗ ಎಲೆಯ ಮೇಲಿನ ನೀರೆಲ್ಲ ತೊಡೆಗೆ ಬಡಿದು, ಪ್ಯಾಂಟಿನ ಗುಂಟ ಇಳಿದು, ಕಾಲುಚೀಲದ ಅಂಚಿನಿಂದ ಬೂಟಿನೊಳಗೆ ಸೇರುತ್ತದೆ. ಎಷ್ಟು ದುಬಾರಿ ಬೂಟಾದರೂ ಒಮ್ಮೆ ಒಳಗೆ ಬಂದ ನೀರನ್ನು ಹೊರಹಾಕಲಾರದು. ನೀರು ತಡೆಯುವ ಗುಣವೇ ಆಗ ಅದನ್ನು ಒಳಗೆ ಹಿಡಿದಿಡುತ್ತದೆ. ಆದುದರಿಂದ ಬೂಟಿಗಿಂತ ಮೊದಲು ಅಳಿಯಂದಿರು ಗಮನ ಕೊಡಬೇಕಾದ್ದು ಮಳೆಪ್ಯಾಂಟಿಗೆ. ಅದು ಬೂಟಿನ ಹೊರಮೈಯ ಮೇಲೆ ಇಳಿಬಿದ್ದಿರಬೇಕು, ಬೂಟಿನೊಳಗೆ ಸಿಕ್ಕಿಸಿರಬಾರದು. ಮೊಣಕಾಲಿನ ಕೆಳಗಿನಿಂದ ಬೂಟಿನವರೆಗೆ ಸುತ್ತುವ, ಗೇಟರ್ ಎಂದು ಕರೆಯುವ ಕವಚವನ್ನು ತೊಡುವುದಾದರೆ ಅದು ಮಳೆಪ್ಯಾಂಟಿನ ಒಳಗಡೆ ಇರಬೇಕು. ಮನೆಯ ಹೆಂಚು ಹೊದಿಸುವಾಗ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಬರುವಂತೆ ಇಡುವ ಲೆಕ್ಕವೇ ಇಲ್ಲಿಯೂ. ಹಲವರು ಗೇಟರನ್ನು ಪ್ಯಾಂಟಿನ ಮೇಲೆ ಕಟ್ಟಿಕೊಂಡು, ನಂತರ ಬೂಟು ಸೋರುತ್ತದೆ ಎಂದು ದೂರುತ್ತಾರೆ.

ಈಗ ಬೂಟಿನ ವಿಷಯ. ಕೂತು ಕಾಯುವವರಿಗೆ, ತೊರೆ ಮತ್ತು ಜೌಗು ದಾಟುವವರಿಗೆ, ಮೊಣಕಾಲಿನ ಸಮೀಪದವರೆಗೆ ಬರುವ ನೈಸರ್ಗಿಕ ರಬ್ಬರಿನ ಬೂಟಿಗಿಂತ ಒಳ್ಳೆಯದಿಲ್ಲ. ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಹದಗೊಳಿಸುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ ಮೇಲೆ ಇಂಥ ಬೂಟುಗಳು ಸಾಧ್ಯವಾದವು, ಇಂದಿಗೂ ನೀರನ್ನು ತಡೆಯುವುದರಲ್ಲಿ ಅವುಗಳನ್ನು ಮೀರಿಸಿದ್ದಿಲ್ಲ. ಚರ್ಮದಂತೆ ಮನುಷ್ಯನ ವಾಸನೆಯನ್ನು ಹೀರಿಕೊಳ್ಳುವುದಿಲ್ಲ ಎಂಬುದೂ ಜಿಂಕೆಯ ಮೂಗನ್ನು ಬಲ್ಲ ಬೇಟೆಗಾರರಿಗೆ ಮುಖ್ಯ. ಆದರೆ ಕಡಿದಾದ ಇಳಿಜಾರಿನಲ್ಲಿ ಇದೇ ಬೂಟು ಶತ್ರುವಾಗುತ್ತದೆ. ಲಾಡಿಯಿಲ್ಲದ್ದರಿಂದ ಹಿಮ್ಮಡಿ ಮೇಲೆ ಕೆಳಗೆ ಜಾರಿ ಬೊಕ್ಕೆ ಏಳುತ್ತದೆ, ಅಡ್ಡ ಇಳಿಜಾರಿನಲ್ಲಿ ಪಾದ ಬೂಟಿನೊಳಗೇ ತಿರುಗುತ್ತದೆ, ಕಣಕಾಲಿಗೆ ಆಸರೆಯಿರುವುದಿಲ್ಲ, ಏರು ಹತ್ತಿದಾಗ ಬಂದ ಬೆವರು ಹೊರಹೋಗುವ ದಾರಿಯಿಲ್ಲದೆ ಕಾಲುಚೀಲ ಒಳಗಿನಿಂದಲೇ ತೊಯ್ಯುತ್ತದೆ.

ನಡೆದು ಬೇಟೆಯಾಡುವವರಿಗೆ ನನ್ನ ಸಲಹೆ ಪೂರ್ಣಪದರದ, ಅಂದರೆ ಮೇಲ್ಮೈಯನ್ನು ಉಜ್ಜಿ ತೆಗೆಯದ ಚರ್ಮದ, ಸುಮಾರು 20ರಿಂದ 25 ಸೆಂಟಿಮೀಟರ್ ಎತ್ತರದ, ಲಾಡಿ ಬಿಗಿಯುವ ಬೂಟು. ಒಳಗೆ ಗೋರ್‌ಟೆಕ್ಸ್ ಅಥವಾ ಅದರಂಥ ಪೊರೆಯಿದ್ದರೆ ಅನುಕೂಲವೇ. 1969ರಲ್ಲಿ ಬಾಬ್ ಗೋರ್ ಅವರು ಒಂದು ಬಗೆಯ ಪ್ಲಾಸ್ಟಿಕ್ಕನ್ನು ರಭಸದಿಂದ ಎಳೆದು ಹಿಗ್ಗಿಸಿದಾಗ ಸಿಕ್ಕ ಈ ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ಅವು ನೀರಿನ ಹನಿಯನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುತ್ತವೆ. ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ ಇರುವ ಆರೆಗನ್‌ನಂಥ ಹವೆಯಲ್ಲಿ ಅದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ಚರ್ಮಕ್ಕೆ ಮೇಣ ಹಚ್ಚದೆ ಬಿಟ್ಟರೆ ಹೊರಚರ್ಮವೇ ನೀರು ಕುಡಿದು ಭಾರವಾಗುತ್ತದೆ, ಆವಿಗೆ ದಾರಿ ಮುಚ್ಚುತ್ತದೆ. ಮಣ್ಣಿನ ಕಣಗಳು ಒಳಸೇರಿದರೆ ಬೆರಳು ಮಡಚುವ ಜಾಗದಲ್ಲಿ ಪೊರೆ ಸವೆಯುತ್ತದೆ. ಪೊರೆಯ ಹೆಸರಿಗೆ ಮಾರುಹೋಗಿ ತೆಳು ಬಟ್ಟೆಯ ಬೂಟು ಕೊಳ್ಳುವುದಕ್ಕಿಂತ ಪೊರೆಯಿಲ್ಲದ ಒಳ್ಳೆಯ ಚರ್ಮವನ್ನು ಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ಬೆಚ್ಚಗಿಡುವ ಒಳಪದರದ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ಅತಿಗೆ ಹೋಗುತ್ತಾರೆ. ಪೆಟ್ಟಿಗೆಯ ಮೇಲೆ 200 ಗ್ರಾಂ, 400 ಗ್ರಾಂ, 800 ಗ್ರಾಂ ಎಂದು ಬರೆದಿರುವುದು ಬೂಟಿನ ತೂಕವಲ್ಲ, ಒಂದು ಚದರ ಮೀಟರ್ ಪದರದ ತೂಕ. ನಡೆಯುವವರಿಗೆ ಒಳಪದರವಿಲ್ಲದ್ದು ಅಥವಾ ಹೆಚ್ಚೆಂದರೆ 200 ಗ್ರಾಮಿನದು ಸಾಕು, ಕೂರುವವರಿಗೆ 400 ಇರಲಿ. 800 ಗ್ರಾಂ ಹಿಮದ ನಾಡಿನವರಿಗಾಗಿ ಇರುವುದು. 8 ಡಿಗ್ರಿಯ ಏರುದಾರಿಯಲ್ಲಿ ಅದನ್ನು ತೊಟ್ಟವರ ಕಾಲು ಬೆವರಿನಿಂದಲೇ ಒದ್ದೆಯಾಗಿ, ನಿಂತ ಕೂಡಲೇ ಮರಗಟ್ಟುತ್ತದೆ.

ಅಟ್ಟೆಯ ಹಲ್ಲುಗಳು ಆಳವಾಗಿದ್ದು ಒಂದರಿಂದೊಂದು ದೂರವಿರಬೇಕು, ಇಲ್ಲದಿದ್ದರೆ ಜೇಡಿಮಣ್ಣು ನಡುವೆ ಕಚ್ಚಿಕೊಂಡು ಅಟ್ಟೆ ನುಣುಪಾಗುತ್ತದೆ. ಮಳೆ ಬಿದ್ದ ಮರುದಿನ ನವಲಗುಂದ, ನರಗುಂದದ ಕಡೆಯ ಎರೆಹೊಲದಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂದು ಎಲ್ಲೆಡೆ ಕಾಣುವ ಹಲ್ಲಿನ ರಬ್ಬರ್ ಅಟ್ಟೆಯನ್ನು ರೂಪಿಸಿದವರು ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ. 1935ರಲ್ಲಿ ಅವರ ಆರು ಮಂದಿ ಸಂಗಡಿಗರು ಆಲ್ಪ್ಸ್ ಪರ್ವತದಲ್ಲಿ ಮಡಿದದ್ದಕ್ಕೆ ತಕ್ಕ ಪಾದರಕ್ಷೆ ಇಲ್ಲದ್ದೂ ಒಂದು ಕಾರಣವೆಂದು ಮನಗಂಡು, 1937ರಲ್ಲಿ ಅವರು ವಿಬ್ರಮ್ ಅಟ್ಟೆಗೆ ಪೇಟೆಂಟ್ ಪಡೆದರು. ಬಂಡೆ ಮತ್ತು ಮಣ್ಣಿನ ಮೇಲೆ ಅದು ಚೆನ್ನಾಗಿ ಹಿಡಿಯುತ್ತದೆಯಾದರೂ, ತೊಗಟೆ ಕಳಚಿ ಪಾಚಿಗಟ್ಟಿದ ಒದ್ದೆ ದಿಮ್ಮಿಯ ಮೇಲೆ ಯಾವ ರಬ್ಬರೂ ನಿಲ್ಲುವುದಿಲ್ಲ. ಅಲ್ಲಿಯ ಮರ ಕಡಿಯುವ ಕೆಲಸಗಾರರು ಇದಕ್ಕಾಗಿಯೇ ಅಟ್ಟೆಗೆ ಉಕ್ಕಿನ ಮೊಳೆಗಳಿರುವ ಬೂಟು ತೊಡುತ್ತಾರೆ, ಆದರೆ ಬಂಡೆಯ ಮೇಲೆ ಸದ್ದು ಮಾಡುವ ಮೊಳೆಗಳು ಬೇಟೆಗೆ ಆಗಿಬರುವುದಿಲ್ಲ. ದಿಮ್ಮಿಯ ಮೇಲೆ ನಡೆಯದೆ ಅದನ್ನು ದಾಟಿ ಹೆಜ್ಜೆ ಇಡುವ ಅಭ್ಯಾಸ ಮಾಡಿಕೊಳ್ಳಲಿ.

ಅಂಗಡಿಯ ಮೂರು ಬೂಟುಗಳಿಗೆ ಬರೋಣ. ನಮ್ಮಲ್ಲಿ ಸಿಗುವ ಗಂಬೂಟುಗಳಲ್ಲಿ ಹೆಚ್ಚಿನವು ಪಿವಿಸಿಯವು. ಧಾರವಾಡದ ಹವೆಯಲ್ಲಿ ಮೆತ್ತಗಿರುವ ಪಿವಿಸಿ ಚಳಿಗೆ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಸೇಫ್ಟಿ ಶೂಗಳ ಮುಂಭಾಗದ ಉಕ್ಕಿನ ಟೊಪ್ಪಿಗೆ ಕಾರ್ಖಾನೆಯಲ್ಲಿ ಬೆರಳನ್ನು ಕಾಯುತ್ತದೆ, ಕಾಡಿನಲ್ಲಿ ಬೆರಳಿನ ಶಾಖವನ್ನು ಹೊರಗೆ ಸಾಗಿಸುತ್ತದೆ, ಇಳಿಜಾರಿನಲ್ಲಿ ಉಗುರಿಗೆ ಬಡಿಯುತ್ತದೆ. ಮೂರನೆಯದಾದ ಚರ್ಮದ ಬೂಟು ಕವಾಯತಿಗೆ ಹೊಂದುವ, ಹಲ್ಲು ಆಳವಿಲ್ಲದ ಅಟ್ಟೆಯದು. ಮುಖ್ಯವಾದ ಇನ್ನೊಂದು ಮಾತೆಂದರೆ, ತೊಡುವವರ ಕಾಲಿಲ್ಲದೆ ಇಂಥ ಬೂಟನ್ನು ಕೊಳ್ಳುವುದೇ ಸರಿಯಲ್ಲ. ನಮ್ಮ ಅಳತೆ ಬ್ರಿಟಿಷ್ ಪದ್ಧತಿಯದು. ಇಲ್ಲಿಯ 8 ಅಲ್ಲಿಯ ಗಂಡಸರ ಅಳತೆಯಲ್ಲಿ ಸುಮಾರು 9 ಆಗುತ್ತದೆ, ಅದೂ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಅಳಿಯಂದಿರು ಅಲ್ಲಿಯ ಅಂಗಡಿಗೆ ಸಂಜೆಯ ಹೊತ್ತು, ಪಾದ ತುಸು ಊದಿಕೊಂಡಿರುವಾಗ, ಬೇಟೆಗೆ ಹಾಕುವ ದಪ್ಪ ಕಾಲುಚೀಲವನ್ನೇ ತೊಟ್ಟು ಹೋಗಲಿ. ಲಾಡಿ ಕಟ್ಟದೆ ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು. ಲಾಡಿ ಬಿಗಿದು ಇಳಿಜಾರು ಹಲಗೆಯ ಮೇಲೆ ಇಳಿದಾಗ ಹೆಬ್ಬೆರಳು ಮುಂದಕ್ಕೆ ತಾಗಬಾರದು. ಋತುವಿನ ಕೊನೆಗೆ ಹೋಗುವವರಾದ್ದರಿಂದ ಸೆಪ್ಟೆಂಬರ್‌ನಲ್ಲೇ ಕೊಂಡು, ದಿನನಿತ್ಯದ ಓಡಾಟದಲ್ಲಿ ಹಾಕಿ ಪಳಗಿಸಲು ಸಮಯವಿದೆ.

ತಮಗೆ ಏನನ್ನಾದರೂ ಒಯ್ಯಲೇಬೇಕೆಂದಿದ್ದರೆ ಮೆರಿನೊ ಉಣ್ಣೆಯ ಕಾಲುಚೀಲಗಳನ್ನು ಒಯ್ಯಿರಿ, ಒಂದು ಜೊತೆಯಲ್ಲ, ಹಲವು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿದರೂ ಬೆಚ್ಚಗಿರುತ್ತದೆ, ಹತ್ತಿ ಒದ್ದೆಯಾದೊಡನೆ ತಣ್ಣಗಾಗುತ್ತದೆ. ನಮ್ಮ ಕಡೆಯ ಡೆಕ್ಕನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದಾದರೂ ಕಾಲುಚೀಲಕ್ಕೆ ಒರಟು. ಮಧ್ಯಾಹ್ನ ಒಮ್ಮೆ ಬೂಟು ಬಿಚ್ಚಿ, ಪಾದ ಒರೆಸಿ, ಒಣಗಿದ ಚೀಲಕ್ಕೆ ಬದಲಾಯಿಸುವುದನ್ನು ಅಳಿಯಂದಿರಿಗೆ ತಾವೇ ಹೇಳಿರಿ, ಏಕೆಂದರೆ ಗೆಳೆಯರ ನಡುವೆ ಯಾರೂ ಹಾಗೆ ಮಾಡುವುದಿಲ್ಲ. ತಣ್ಣನೆಯ ನೀರಿನಲ್ಲಿ ಬಹಳ ಹೊತ್ತು ನೆನೆದ ಪಾದ ಬಿಳಿಚಿಕೊಂಡು, ಜೋಮು ಹಿಡಿದು, ಬೆಚ್ಚಗಾದಾಗ ಉರಿಯುತ್ತ ಊದಿಕೊಳ್ಳುವ ಟ್ರೆಂಚ್ ಫುಟ್ ಎಂಬ ತೊಂದರೆಗೆ ಹಿಮವೇ ಬೇಕಾಗಿಲ್ಲ, 10-15 ಡಿಗ್ರಿಯೂ ಸಾಕು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರು ಇದರಿಂದ ನರಳಿದರು.

ಪ್ರಯಾಣದ ಬಗ್ಗೆ ಒಂದು ಎಚ್ಚರಿಕೆ. ಹೊಲ, ಕೊಟ್ಟಿಗೆಗಳಲ್ಲಿ ಮೆಟ್ಟಿದ ಪಾದರಕ್ಷೆಯನ್ನು ಮಣ್ಣು ಸಹಿತ ಅಮೆರಿಕಕ್ಕೆ ಒಯ್ಯಬಾರದು. ದನಗಳ ಕಾಲುಬಾಯಿ ಜ್ವರದಂಥ ರೋಗಗಳ ಭಯದಿಂದ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಇದನ್ನು ತಪಾಸಣೆ ಮಾಡುತ್ತಾರೆ. ಅಳಿಯಂದಿರಿಗೂ ಇಂಥದೇ ನಿಯಮ ಅನ್ವಯಿಸುತ್ತದೆ. ಕೂಸ್ ಬೇಯ ದಕ್ಷಿಣಕ್ಕಿರುವ ಕರಿ ಕೌಂಟಿಯ ಕಾಡಿನಲ್ಲಿ ಓಕ್ ಜಾತಿಯ ಮರಗಳನ್ನು ಕೊಲ್ಲುವ ರೋಗವೊಂದು 2001ರಲ್ಲಿ ಪತ್ತೆಯಾಗಿದ್ದು, ಬೂಟಿಗೆ ಅಂಟಿದ ಕೆಸರಿನ ಮೂಲಕವೂ ಅದು ಹರಡುತ್ತದೆ. ಆ ಕಡೆಗೆ ಹೋದವರು ಕಾಡು ಬಿಡುವ ಮೊದಲೇ ಅಟ್ಟೆಯನ್ನು ಉಜ್ಜಿ ತೊಳೆಯಬೇಕು.

ಪ್ರಶ್ನೆ: ನಾವು ಕೆಲವು ಗೆಳೆಯರು ಮಳೆಗಾಲದ ಕೊನೆಗೆ ಉತ್ತರ ಕನ್ನಡದ ಕರಾವಳಿ ಕಾಡುಗಳಲ್ಲಿ ಜಿಂಕೆ, ಕಡವೆಗಳ ಜಾಡು ನೋಡಲು ಮತ್ತು ಅಘನಾಶಿನಿ ಅಳಿವೆಯಲ್ಲಿ ಪಕ್ಷಿವೀಕ್ಷಣೆಗೆ ಹೋಗುತ್ತೇವೆ. ಕೈಯಲ್ಲಿ ಕ್ಯಾಮೆರಾ ಮಾತ್ರ ಇರುತ್ತದೆ. ಗದ್ದೆಗೆ ಹಾಕುವ ಗಂಬೂಟೇ ಸಾಕೇ, ದುಬಾರಿಯ ವಾಟರ್‌ಪ್ರೂಫ್ ಬೂಟು ಬೇಕೇ?
– ಓದುಗರೊಬ್ಬರು, ಹಾನಗಲ್ಲ, ಹಾವೇರಿ ಜಿಲ್ಲೆ

ಉತ್ತರ: ದುಬಾರಿಯದು ಬೇಡ. ಮೇಲೆ ವಿವರಿಸಿದ ಪೊರೆಯ ಬೂಟು ಒಳಗಿನ ಮತ್ತು ಹೊರಗಿನ ಹವೆಯ ವ್ಯತ್ಯಾಸದಿಂದ ಉಸಿರಾಡುತ್ತದೆ. ಸೆಪ್ಟೆಂಬರ್‌ನ ಕುಮಟಾ, ಅಂಕೋಲೆಗಳಲ್ಲಿ ಹೊರಗಿನ ಗಾಳಿಯೇ ಬೆಚ್ಚಗೆ ತೇವದಿಂದ ತುಂಬಿರುವಾಗ ಬೆವರು ಹೋಗುವುದಾದರೂ ಎಲ್ಲಿಗೆ? ನಮ್ಮ ಮಳೆಯಲ್ಲಿ ಕಾಲು ನೆನೆಯುವುದರಿಂದ ಹಾನಿಯಿಲ್ಲ, ನೆನೆದದ್ದು ಬೇಗ ಬಸಿಯದಿದ್ದರೆ ಹಾನಿ. ಕಾಡಿನ ದಾರಿಗೆ, ಜಂಗಲ್ ಶೂ ಎಂದು ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೇಳಿದರೆ ಕೊಡುವ, ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಬೂಟು ಸಾಕು. ಹಗುರ, ನೀರು ಹೊರಗೆ ಹೋಗುತ್ತದೆ, ರಾತ್ರಿಯಲ್ಲಿ ಅರೆಬರೆಯಾದರೂ ಆರುತ್ತದೆ. ಪಾಚಿಗಟ್ಟಿದ ಜಂಬಿಟ್ಟಿಗೆಯ ಮೇಲೆ ಮಾತ್ರ ಅದು ಜಾರುತ್ತದೆಂಬುದು ನೆನಪಿರಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಕುಶಲಕರ್ಮಿಗಳಿಗೂ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವ ಕೊಲ್ಹಾಪುರಿ ಚಪ್ಪಲಿಯನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಹೋಗಿರಿ, ಗಿಡಮೂಲಿಕೆಯಿಂದ ಹದಮಾಡಿದ ಆ ಚರ್ಮ ನೀರಿಗೆ ಹಾಕುವಂಥದ್ದಲ್ಲ.

ಉಂಬಳಗಳಿಗೆ ಬೂಟಿನ ಎತ್ತರ ತಡೆಯಲ್ಲ, ಅವು ಏರಿಕೊಂಡು ಬರುತ್ತವೆ. ಒತ್ತಾಗಿ ನೇಯ್ದ ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟನ್ನು ಸಿಕ್ಕಿಸುವುದೇ ಉಪಾಯ. ಅಂದರೆ ಆರೆಗನ್‌ಗೆ ಹೇಳಿದ್ದಕ್ಕೆ ಇದು ತದ್ವಿರುದ್ಧ, ಏಕೆಂದರೆ ಇಲ್ಲಿ ತಡೆಯಬೇಕಾದ್ದು ಮೇಲಿನಿಂದ ಇಳಿಯುವ ನೀರನ್ನಲ್ಲ, ಕೆಳಗಿನಿಂದ ಹತ್ತುವ ಹುಳುವನ್ನು. ನವೆಂಬರ್ ನಂತರ ಹೋಗುವುದಾದರೆ ಈ ಎಚ್ಚರಿಕೆ ಇನ್ನೂ ಅಗತ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳು ಒಣ ತಿಂಗಳುಗಳಲ್ಲಿ ಹೆಚ್ಚುತ್ತವೆ, ಉತ್ತರ ಕನ್ನಡದಲ್ಲೂ ಆ ರೋಗ ಕಾಣಿಸಿಕೊಳ್ಳುತ್ತ ಬಂದಿದೆ. ಮರಳಿದ ಕೂಡಲೇ ಬಟ್ಟೆಗಳನ್ನು ಬಿಸಿನೀರಿನಲ್ಲಿ ಹಾಕಿ, ಮೊಣಕಾಲಿನ ಹಿಂಭಾಗ, ತೊಡೆಸಂದುಗಳನ್ನು ಪರೀಕ್ಷಿಸಿಕೊಳ್ಳಿರಿ.

ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಘನಾಶಿನಿಯ ಅಳಿವೆಗೆ ತಮ್ಮ ಗಂಬೂಟೇ ಸರಿ, ಆದರೆ ದಂಡೆಯ ಗಟ್ಟಿ ನೆಲದ ಮೇಲೆ ಮಾತ್ರ. ಇಳಿತದ ವೇಳೆ ಮೆತ್ತನೆಯ ಕೆಸರಿಗೆ ಇಳಿದರೆ ಅಗಲ ಬಾಯಿಯ ಬೂಟನ್ನು ಕೆಸರು ಹಿಡಿದುಕೊಂಡು ಕಾಲು ಮಾತ್ರ ಮೇಲೆ ಬರುತ್ತದೆ. ಬರಿಗಾಲಿನಲ್ಲಿ ಇಳಿಯುವುದೂ ಬೇಡ, ಚಿಪ್ಪುಗಳ ಅಂಚು ಹರಿತ. ಹಿಮ್ಮಡಿಗೆ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ಲನ್ನು ಹಳೆಯ ಕಾಲುಚೀಲದ ಮೇಲೆ ಹಾಕಿಕೊಳ್ಳಬಹುದು. ಕಾಲಿಗೆ ಗಾಯವಿದ್ದಾಗ ಗದ್ದೆಯ ನಿಂತ ನೀರಿಗೆ ಇಳಿಯಬಾರದೆಂಬುದು ಇಲಿಜ್ವರವನ್ನು ಕಂಡಿರುವ ಹಾನಗಲ್ಲಿನವರಿಗೆ ಗೊತ್ತಿರುವ ಮಾತೇ.

ಪ್ರಶ್ನೆ: ವಿದೇಶದಿಂದ ಅಣ್ಣ ತಂದುಕೊಟ್ಟ ಬೆಲೆಬಾಳುವ ಬೂಟನ್ನು ಕೆಡಬಾರದೆಂದು ಪೆಟ್ಟಿಗೆಯಲ್ಲೇ ಜೋಪಾನವಾಗಿಟ್ಟಿದ್ದೆ. ಕೆಲವು ವರ್ಷಗಳ ನಂತರ ಕಪ್ಪತಗುಡ್ಡ ಹತ್ತಲು ಹಾಕಿಕೊಂಡಾಗ ಅರ್ಧ ದಾರಿಯಲ್ಲಿ ಅಟ್ಟೆ ಪುಡಿಪುಡಿಯಾಗಿ ಉದುರಿತು. ನಕಲಿ ಮಾಲಿರಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ನಕಲಿಯೇ ಆಗಿರಬೇಕೆಂದೇನೂ ಇಲ್ಲ. ಇಂಥ ಬೂಟುಗಳ ಹೊರ ಅಟ್ಟೆ ಮತ್ತು ಪಾದದ ನಡುವೆ ಪಾಲಿಯುರೆಥೇನ್ ಎಂಬ ನೊರೆಪದರವಿರುತ್ತದೆ. ಗಾಳಿಯ ತೇವ ಅದರೊಳಗೆ ನಿಧಾನವಾಗಿ ಸೇರಿ ಅಣುಬಂಧಗಳನ್ನು ಬಿಡಿಸುತ್ತ ಹೋಗುತ್ತದೆ. ಮುಚ್ಚಿದ ಪೆಟ್ಟಿಗೆ, ಸೆಕೆ, ಪ್ಲಾಸ್ಟಿಕ್ ಚೀಲ ಇವು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಬಳಸಿದ ಬೂಟಿಗಿಂತ ಜೋಪಾನ ಮಾಡಿದ ಬೂಟು ಬೇಗ ಹಾಳಾಗುವುದು ಹೀಗೆ. ಮೇಲ್ಭಾಗದ ಚರ್ಮ ಚೆನ್ನಾಗಿದ್ದರೆ, ಹುಬ್ಬಳ್ಳಿ ಅಥವಾ ಗದಗದ ನುರಿತ ಚಮ್ಮಾರರಿಂದ ಗಟ್ಟಿ ರಬ್ಬರಿನ ಹೊಸ ಅಟ್ಟೆಯನ್ನು ಅಂಟಿಸಿ ಹೊಲಿಸಿಕೊಂಡರೆ ಬೂಟು ಮತ್ತೆ ಬಳಕೆಗೆ ಬರುತ್ತದೆ, ಆದರೆ ನೀರು ತಡೆಯುವ ಗುಣವನ್ನು ನಿರೀಕ್ಷಿಸಬೇಡಿರಿ.

ಇನ್ನು ಮುಂದೆ ಬೂಟನ್ನು ಗಾಳಿಯಾಡುವ ಕಪಾಟಿನಲ್ಲಿಟ್ಟು ಆಗಾಗ ಹಾಕಿಕೊಳ್ಳಿರಿ. ಒದ್ದೆಯಾದರೆ ಒಳ ಅಟ್ಟೆಯನ್ನು ಹೊರತೆಗೆದು, ಹಳೆಯ ಪತ್ರಿಕೆಯನ್ನು ಒಳಗೆ ತುಂಬಿ, ನೆನೆದ ಕಾಗದವನ್ನು ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಿ ಫ್ಯಾನಿನ ಕೆಳಗಿಡಿರಿ. ಒಲೆಯ ಬಳಿ ಅಥವಾ ಏಪ್ರಿಲ್ ತಿಂಗಳ ಗದಗದ ಬಿಸಿಲಿನಲ್ಲಿ ಇಟ್ಟರೆ ಚರ್ಮ ಬಿರಿಯುತ್ತದೆ, ಅಂಟು ಕರಗುತ್ತದೆ. ಹೊಸದನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬೆಲೆಯ ಜೊತೆಗೆ ಮುದ್ರಿಸಿರುವ ತಿಂಗಳು ಮತ್ತು ವರ್ಷವನ್ನು ಓದಿರಿ. ನಾಲ್ಕೈದು ವರ್ಷ ಗೋದಾಮಿನಲ್ಲಿದ್ದ ಮಾಲನ್ನು ಅರ್ಧ ಬೆಲೆಗೆ ಕೊಡುತ್ತೇವೆಂದರೂ ಬೇಡವೆನ್ನಿರಿ.